ಮುನ್ನೂರರೊಳಗೊಬ್ಬಳು

ನಮ್ಮೂರಿನ ಕಡೆ ಹಿಂದೆಲ್ಲ ಸುಮ್ಮಸುಮ್ಮನೆ ಗುಡ್ಡ ಹತ್ತುವವರನ್ನು ಯಾರೂ ಮರ್ಯಾದಸ್ಥರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಹತ್ತುವುದಕ್ಕೊಂದು ಕಾರಣ ಬೇಕಿತ್ತು. ಮೇಯಲು ಹೋದ ಗಬ್ಬದ ಹಸು ಹೊತ್ತು ಮುಳುಗಿದರೂ ಕೊಟ್ಟಿಗೆಗೆ ಬಾರದಿದ್ದರೆ ಮಾರನೇ ಬೆಳಿಗ್ಗೆ ಹತ್ತಬಹುದು. ಸೀಗೆಕಾಯಿಗೋ ರಾಮಪತ್ರೆಗೋ ಕಾನಿನ ಅಂಚಿನವರೆಗೆ ಹೋಗಬಹುದು. ಮನೆಯಲ್ಲಿ ಜಗಳವಾಡಿ ಊಟ ಬಿಟ್ಟು ಎದ್ದವರು ಗುಡ್ಡದ ಬುಡದ ತನಕ ಹೋಗಿ, ಹಸಿವಾದ ಮೇಲೆ ವಾಪಸು ಬರಬಹುದು. ಅದಕ್ಕೂ ರಿಯಾಯಿತಿ ಇತ್ತು. ಆದರೆ ‘ನೋಡಿಕೊಂಡು ಬರೋಣ ಅಂತ’ ಯಾರಾದರೂ ಕುದುರೆಮುಖ ಹತ್ತಿದರೆ, ಅವರಿಗೆ ಮನೆಯಲ್ಲಿ ಕೆಲಸವಿಲ್ಲ, ಇಲ್ಲವೇ ತಲೆ ನೆಟ್ಟಗಿಲ್ಲ ಎಂದು ಊರು ತೀರ್ಮಾನ ಮಾಡಿಬಿಡುತ್ತಿತ್ತು.

ಈಗ ಅದೇ ಗುಡ್ಡಕ್ಕೆ ಹೊರಟರೆ ಯಾರೂ ಕಾರಣ ಕೇಳುವುದಿಲ್ಲ. ಆಧಾರ್ ಕಾರ್ಡು ಕೇಳುತ್ತಾರೆ.

ನನ್ನ ತವರು ಸಂಸೆಯ ಹತ್ತಿರ. ಕಳಸದಿಂದ ಕುದುರೆಮುಖಕ್ಕೆ ಹೋಗುವ ದಾರಿಯಲ್ಲಿ ಟೀ ತೋಟ ಸಿಗುತ್ತದಲ್ಲ, ಅದೇ ಸಂಸೆ. ನಮ್ಮ ಅಂಗಳದಲ್ಲಿ ನಿಂತು ಅಡಿಕೆ ತೋಟದ ಮೇಲಿಂದ ಕಣ್ಣು ಹಾಯಿಸಿದರೆ ಗುಡ್ಡ ಕಾಣುತ್ತದೆ, ಮೋಡ ಮನಸ್ಸು ಮಾಡಿದರೆ. ಅದರ ಎತ್ತರ 1894 ಮೀಟರ್ ಎಂದು ನನಗೆ ಗೊತ್ತಾದದ್ದು ಮದುವೆಯಾಗಿ ಬೆಂಗಳೂರಿಗೆ ಹೋದ ಮೇಲೆ. ಅಲ್ಲಿಯವರೆಗೆ ಅಳತೆಯ ಅಗತ್ಯವೇ ನಮಗೆ ಬಿದ್ದಿರಲಿಲ್ಲ. ಹಿಂದಿನವರು ಸಂಸೆಯ ಕಡೆಯಿಂದಲೇ ಹತ್ತುತ್ತಿದ್ದರಿಂದ ಅದಕ್ಕೆ ಸಂಸೆಪರ್ವತ ಅಂತಲೂ ಹೆಸರಿತ್ತು. ಈ ಒಂದು ಸಂಗತಿಯನ್ನು ನಾನು ಬೆಂಗಳೂರಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ಯಾರೂ ಬೆರಗಾಗಲಿಲ್ಲ. ‘ಹೌದಾ, ಅಲ್ಲಿ ಒಳ್ಳೇ ಹೋಂಸ್ಟೇ ಯಾವುದು?’ ಅಂದರು.

ಅಮ್ಮನಿಗೆ ಆ ಗುಡ್ಡದಿಂದ ಇರುವ ಪ್ರಯೋಜನ ಒಂದೇ. “ಗುಡ್ಡ ಟೊಪ್ಪಿ ಹಾಕ್ಕೊಂಡಿತು, ಹಪ್ಪಳ ಒಳಗೆ ತನ್ನಿ” ಅನ್ನುತ್ತಾಳೆ. ಹಪ್ಪಳ ಒಳಗೆ ಬಂದು, ಅಡಿಕೆಗೆ ಟಾರ್ಪಾಲು ಹೊದೆಸಿ, ಒಣಗಿದ ಬಟ್ಟೆ ಎಳೆದುಕೊಂಡು ಜಗಲಿ ಹತ್ತುವಷ್ಟರಲ್ಲಿ ಮಳೆ ಅಂಗಳಕ್ಕೆ ಇಳಿದಿರುತ್ತದೆ. ಇಷ್ಟು ಪಳಗಿದ ಕಣ್ಣಿದ್ದೂ ಅವಳು ಆ ಗುಡ್ಡದ ತಲೆಗೆ ಒಮ್ಮೆಯೂ ಹೋದವಳಲ್ಲ. ಯಾಕಮ್ಮ ಎಂದು ಕೇಳಿದ್ದಕ್ಕೆ, “ಅಲ್ಲಿ ಎಂತ ಉಂಟು? ಗಾಳಿ ತಾನೆ? ಇಲ್ಲಿಗೂ ಬರ್ತದೆ” ಅಂದಿದ್ದಳು.

ಅಪ್ಪ ಹೋಗಿದ್ದರು. ನಾನಿನ್ನೂ ಶಾಲೆಗೆ ಹೋಗುವಾಗ ಗಂಗೆ ಅನ್ನುವ ಹಸು ಕಾಣೆಯಾಗಿತ್ತು. ಅಪ್ಪ ಬೆಳಿಗ್ಗೆ ಕಾಫಿ ಕುಡಿದು, ಕಂಬಳಿ ಹೆಗಲಿಗೆ ಹಾಕಿಕೊಂಡು ಹೋದವರು ದೀಪ ಹಚ್ಚುವ ಹೊತ್ತಿಗೆ ಬಂದರು. ಮುಂದೆ ಗಂಗೆ, ಅಪ್ಪನ ಹೆಗಲ ಮೇಲೆ ಅದರ ಕರು. ಕಾಲು ತೊಳೆದುಕೊಂಡು ಜಗಲಿಯಲ್ಲಿ ಕೂತು ಅವರು ಕೊಟ್ಟ ಪ್ರವಾಸದ ವರದಿ ಇಷ್ಟೇ: “ಹಸು ಸಿಕ್ಕಿತು. ಹೆಣ್ಣುಗರು. ಮತ್ತೆ, ಅಲ್ಲಿಂದ ಸಮುದ್ರ ಕಾಣ್ತದೆ.” ಹಸುವಿಗೆ, ಕರುವಿಗೆ ಒಂದೊಂದು ವಾಕ್ಯ, ಇಡೀ ಅರಬ್ಬಿ ಸಮುದ್ರಕ್ಕೂ ಒಂದೇ. ಆದರೆ ಆ ಮೂರನೆಯ ವಾಕ್ಯ ನನ್ನೊಳಗೆ ಕೂತುಬಿಟ್ಟಿತು. ಹಿಂದೆ ಹಡಗಿನವರು ಸಮುದ್ರದ ಮೇಲಿಂದ ಈ ಶಿಖರ ನೋಡಿ ದಿಕ್ಕು ಗುರುತಿಸುತ್ತಿದ್ದರು ಎಂದು ಆಮೇಲೆ ಎಲ್ಲೋ ಓದಿದಾಗ, ಅಪ್ಪ ಹೇಳಿದ್ದಕ್ಕೆ ಸಾಕ್ಷಿ ಸಿಕ್ಕಿತಲ್ಲ ಎಂದು ಖುಷಿಯಾಗಿತ್ತು. ಅಲ್ಲಿಂದ ಇಲ್ಲಿಗೆ ಕಂಡರೆ ಇಲ್ಲಿಂದ ಅಲ್ಲಿಗೂ ಕಾಣಲೇಬೇಕು.

ನಾವು ದೊಡ್ಡವರಾಗುವ ಕಾಲಕ್ಕೆ ಗುಡ್ಡಕ್ಕಿಂತ ಗುಡ್ಡದಾಚೆಯ ಗಣಿಯದೇ ಮಾತು. 1976ರಲ್ಲಿ ಅದಿರು ಕಂಪನಿ ಶುರುವಾದದ್ದು ಇರಾನಿನ ದೊರೆಯ ದುಡ್ಡಿನ ಭರವಸೆಯ ಮೇಲೆ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ದೊರೆಯೇ ದೇಶ ಬಿಟ್ಟ. ಇಲ್ಲಿ ಗಣಿ ಮಾತ್ರ ನಿಲ್ಲಲಿಲ್ಲ. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಮಿಕ್ಕ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿತ್ತು. ಕಾಡಿನ ನಡುವೆ ಆಸ್ಪತ್ರೆ, ಶಾಲೆ, ಸಾಲು ಸಾಲು ಕ್ವಾರ್ಟರ್ಸು ಎದ್ದವು. ನಮಗೆ ಪೇಟೆ ಅಂದರೆ ಅದೇ. ಅತ್ತ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ಮಾಡಿದ ಮೇಲೆ, 1987ರಲ್ಲಿ ಸುಮಾರು 600 ಚದರ ಕಿಲೋಮೀಟರ್ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಒಂದು ಕಡೆ ಉದ್ಯಾನ, ಅದರ ಹೊಟ್ಟೆಯೊಳಗೇ ಗಣಿ. ಊರಿನವರಿಗೆ ಇದು ಅರ್ಥವಾಗಲು ಬಹಳ ಕಾಲ ಹಿಡಿಯಿತು. ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು, ಪೇಟೆ ಖಾಲಿಯಾಯಿತು. ಉದ್ಯಾನದೊಳಗಿದ್ದ ಮನೆಗಳವರಲ್ಲೂ ಕೆಲವರು ಪರಿಹಾರ ತೆಗೆದುಕೊಂಡು ಕೆಳಗಿಳಿದರು. ಇನ್ನು ಗುಡ್ಡಕ್ಕೆ ವಿಶ್ರಾಂತಿ ಅಂದುಕೊಂಡೆವು.

ಆಗ ಬಂದರು ನೋಡಿ ಚಾರಣಿಗರು.

ಮೊದಮೊದಲು ಅವರನ್ನು ಕಂಡರೆ ಊರಿಗೆ ಕನಿಕರ. ಬೆನ್ನಿಗೆ ಅಷ್ಟು ದೊಡ್ಡ ಚೀಲ ಕಟ್ಟಿಕೊಂಡು, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು, ದುಡ್ಡು ಕೊಟ್ಟು ಇಂಬಳದ ಕೈಲಿ ಕಚ್ಚಿಸಿಕೊಂಡು ಹೋಗುವ ಮಕ್ಕಳು! ಅಮ್ಮ ಎಷ್ಟೋ ಜನರಿಗೆ ಕರೆದು ಮಜ್ಜಿಗೆ ಕೊಟ್ಟಿದ್ದಾಳೆ. ನಿಧಾನಕ್ಕೆ ಕನಿಕರ ಹೋಗಿ ಲೆಕ್ಕಾಚಾರ ಬಂತು. ಏಲಕ್ಕಿ ಗೂಡಿಗೆ ಹಂಚು ಬದಲಾಯಿಸಿ, ಗೋಡೆಗೆ ಸುಣ್ಣ ಬಳಿದು ಹೋಂಸ್ಟೇ ಅಂದರು. ತೋಟದ ಜೀಪಿಗೆ ಹೊಸ ಸೀಟು ಬಂತು. ಅಣ್ಣನೂ ಎರಡು ಕೋಣೆ ಕಟ್ಟಿಸಿದ. ಬಂದವರೊಬ್ಬರು ಅಂಗಳದಲ್ಲಿ ಗುಡ್ಡಕ್ಕೆ ಬೆನ್ನು ಹಾಕಿ ನಿಂತು, “ಆಂಟಿ, ಇಲ್ಲಿ ವ್ಯೂ ಯಾವ ಕಡೆ?” ಎಂದು ಕೇಳಿದರಂತೆ. ಅಮ್ಮ ಅದನ್ನು ವರ್ಷಗಟ್ಟಲೆ ನೆಂಟರಿಷ್ಟರಿಗೆ ಹೇಳಿಕೊಂಡು ನಕ್ಕಳು.

ನಗು ನಿಂತದ್ದು 2024ರಲ್ಲಿ. ಆ ವರ್ಷ ಗಣರಾಜ್ಯೋತ್ಸವ ಶುಕ್ರವಾರ ಬಿತ್ತು. ಶನಿವಾರ, ಭಾನುವಾರ ಬೆನ್ನಿಗೇ ಇದ್ದವು. ಕುಮಾರ ಪರ್ವತಕ್ಕೆ ಸಾವಿರಾರು ಮಂದಿ ನುಗ್ಗಿದ ವಿಡಿಯೊ ನೀವೂ ನೋಡಿರುತ್ತೀರಿ; ಸುಬ್ರಹ್ಮಣ್ಯದ ಚಂಪಾಷಷ್ಠಿಗೆ ಬಂದ ಜನವೆಲ್ಲ ದಾರಿ ತಪ್ಪಿ ಗುಡ್ಡ ಹತ್ತಿದಂತಿತ್ತು. ಆಮೇಲೆ ಅರಣ್ಯ ಇಲಾಖೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳಿಗೆಲ್ಲ ತಡೆ ಹಾಕಿತು. ಅದೇ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ತೆರೆಯಿತು. ಒಂದು ಗುಡ್ಡಕ್ಕೆ ದಿನಕ್ಕೆ 300 ಜನ. ಕುದುರೆಮುಖಕ್ಕೂ ಅಷ್ಟೇ, ನೇತ್ರಾವತಿ ಶಿಖರಕ್ಕೂ ಅಷ್ಟೇ. ಮುನ್ನೂರ ಒಂದನೆಯವರು ಯಾರೇ ಆಗಿರಲಿ, ಗೇಟಿನಿಂದಲೇ ಕೈ ಮುಗಿಯಬೇಕು.

ಅಪ್ಪನ ಮೂರನೆಯ ವಾಕ್ಯ ನನಗೆ ಮತ್ತೆ ನೆನಪಾದದ್ದು ಸರಿಯಾಗಿ ಇದಾದ ಮೇಲೆಯೇ. ಬಾಗಿಲು ಹಾರುಹೊಡೆದಿದ್ದಷ್ಟು ಕಾಲ ನಾನು ಆ ಕಡೆ ಹೆಜ್ಜೆ ಇಟ್ಟವಳಲ್ಲ. ಗುಡ್ಡ ಎಲ್ಲಿ ಹೋಗುತ್ತೆ, ಮುಂದಿನ ಸಲ ಊರಿಗೆ ಹೋದಾಗ ಆಯಿತು ಅಂದುಕೊಂಡು ಕೂದಲು ನರೆಯಿತು. ಬಾಗಿಲಿಗೆ ಚಿಲಕ ಬಿದ್ದದ್ದೇ ತಡ, ಹೋಗಲೇಬೇಕು ಅನ್ನಿಸತೊಡಗಿತು.

ನಮ್ಮನೆಯವರು ಮೈಸೂರಿನವರು. ಯಾವುದನ್ನೂ ಪಟ್ಟಿ ಮಾಡದೆ ಮಾಡುವವರಲ್ಲ. ಕುದುರೆಮುಖ ಅಂದ ಸಂಜೆಯೇ ಲ್ಯಾಪ್‌ಟಾಪಿನಲ್ಲಿ ಹಾಳೆ ತೆರೆದು ಕಂಬ ಎಳೆದರು: ಹೆಸರು, ವಯಸ್ಸು, ಆಧಾರ್ ಸಂಖ್ಯೆ, ಮಂಡಿನೋವು ಇದೆಯೋ ಇಲ್ಲವೋ. ನನ್ನ ಕಡೆಯ ದೊಡ್ಡಪ್ಪ, ಚಿಕ್ಕಪ್ಪನ ಮಕ್ಕಳನ್ನೆಲ್ಲ ಸೇರಿಸಿ ‘ಗುಡ್ಡಕ್ಕೆ ಹೋಗೋಣ’ ಎಂಬ ವಾಟ್ಸ್ಆ್ಯಪ್ ಗುಂಪು ಕಟ್ಟಿದ್ದಾಯಿತು. ಎಲ್ಲರೂ ಹೆಬ್ಬೆರಳು ಎತ್ತಿದರು. ನಮ್ಮ ಕುಟುಂಬದಲ್ಲಿ ಆಸ್ತಿ ಪಾಲಿನ ಕಾಲದಲ್ಲೂ ಅಷ್ಟು ಹೆಬ್ಬೆರಳು ಒಟ್ಟಿಗೆ ಕಂಡಿರಲಿಲ್ಲ. ಎರಡನೆಯ ದಿನ ಪ್ರಶ್ನೆಗಳು ಶುರುವಾದವು. ಮೇಲೆ ಬಾತ್‌ರೂಂ ಉಂಟಾ? ಅರ್ಧ ದಾರಿಯಿಂದ ವಾಪಸು ಬಂದರೆ ಅರ್ಧ ದುಡ್ಡು ಕೊಡ್ತಾರಾ? ಹೋಗಿ ಬರೋದು ಹದಿನೆಂಟು ಕಿಲೋಮೀಟರಿಗೆ ಮೇಲೆ ಅಂತಾರೆ, ಜೀಪು ತುದಿಯವರೆಗೇ ಹೋದರೆ ಏನು ಕಷ್ಟ?

ಆಮೇಲೆ ದಿನ ಗೊತ್ತು ಮಾಡುವ ಯಜ್ಞ. ಬೇಸಿಗೆ ಆಗದು, ಹುಲ್ಲು ಒಣಗಿ ಬೆಂಕಿಯ ಭಯವೆಂದು ಇಲಾಖೆ ದಾರಿ ಮುಚ್ಚುತ್ತದೆ. ಆಷಾಢದ ಮಳೆ ಆಗದು. ಹಳ್ಳ ಉಕ್ಕಿದರೆ ಆಗಲೂ ಮುಚ್ಚುತ್ತಾರೆ. ಉಳಿದದ್ದು ನಡುವಿನ ತಿಂಗಳುಗಳು. ಅಲ್ಲಿ ರಜೆ ಶುಕ್ರವಾರವೋ ಸೋಮವಾರವೋ ಬಿದ್ದಿದ್ದರೆ ಇಡೀ ಬೆಂಗಳೂರಿನ ಕಣ್ಣು ಅದರ ಮೇಲೆ. ನಮ್ಮನೆಯವರು ಕಚೇರಿಯ ಕ್ಯಾಲೆಂಡರಿಗೆ ಒಂಟಿಕೊಪ್ಪಲ್ ಪಂಚಾಂಗವನ್ನು ಜೋಡಿಸಿ ನೋಡಿದರು. ಅತ್ತಿಗೆ ಫೋನಿನಲ್ಲಿ ಉಪಾಯ ಹೇಳಿದರು: “ಪಕ್ಷಮಾಸದಲ್ಲಿ ಮಾಡಿ ಮಾರಾಯ್ತಿ. ಆಗ ಒಳ್ಳೇ ಕೆಲಸಕ್ಕೆ ಯಾರೂ ಹೊರಡೋದಿಲ್ಲ, ಗುಡ್ಡ ಖಾಲಿ ಇರ್ತದೆ.” ನೋಡಿದರೆ ಪಕ್ಷಮಾಸದ ಶನಿವಾರ, ಭಾನುವಾರಗಳೂ ಭರ್ತಿ. ಸಾಫ್ಟ್‌ವೇರಿನ ಮಕ್ಕಳಿಗೆ ಪಿತೃಗಳ ಹೆದರಿಕೆ ಹೋಗಿ ಬಹಳ ಕಾಲವಾಗಿದೆ.

ಬುಕಿಂಗಿನ ಬೆಳಿಗ್ಗೆ ಎರಡು ರಂಗಗಳಲ್ಲಿ ಹೋರಾಟ. ಬೆಂಗಳೂರಿನಲ್ಲಿ ನಾನು, ನಮ್ಮನೆಯವರು, ಮಗಳು ಮೂರು ಫೋನು ಹಿಡಿದು ಊಟದ ಮೇಜಿನ ಸುತ್ತ. ಊರಿನಲ್ಲಿ ಅಣ್ಣನ ಮಗ, ಗೊಬ್ಬರಗುಂಡಿಯ ಪಕ್ಕದ ಕಲ್ಲಿನ ಮೇಲೆ. ನಮ್ಮ ತವರಿನಲ್ಲಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಅದೂ ಎಡಗಾಲು ಕಲ್ಲಿನ ಮೇಲಿಟ್ಟು, ಮುಖ ಕಳಸದ ಕಡೆ ಮಾಡಿದರೆ. ಮನೆಯ ಸಾವುನೋವು, ಸಿಹಿಸುದ್ದಿ ಎಲ್ಲವನ್ನೂ ಆ ಗೊಬ್ಬರಗುಂಡಿಯ ಪಕ್ಕವೇ ಕೇಳಿಸಿಕೊಂಡ ವಂಶ ನಮ್ಮದು. ನಾವು ಬೆಂಗಳೂರಿನವರು ಹೆಸರು, ವಯಸ್ಸು ತುಂಬುತ್ತಿದ್ದಂತೆ ಶನಿವಾರದ ಸಂಖ್ಯೆ ಇಳಿಯುತ್ತಿತ್ತು. ನಮ್ಮನೆಯವರು ದೊಡ್ಡಪ್ಪನ ಮಗನ ಹೆಸರಿನ ಕಾಗುಣಿತವನ್ನು ಆಧಾರ್ ಜೊತೆ ತಾಳೆ ನೋಡುತ್ತಾ ಕೂತರು. ನನ್ನ ಫೋನಿಗೆ ಓಟಿಪಿ ಬಂತು, ಬರಬೇಕಾದ ಗಳಿಗೆ ಕಳೆದ ಮೇಲೆ. ಶನಿವಾರ ಮುಗಿಯಿತು. ಭಾನುವಾರ ಮುಗಿಯಿತು. ಊರಿನಿಂದ ಹುಡುಗ ಕೂಗಿದ, “ಅತ್ತೆ, ಮಂಗಳವಾರ ಬೇಕಾದಷ್ಟು ಉಂಟು!” ಮಂಗಳವಾರ ಯಾರಾದರೂ ಹೊಸ ಕೆಲಸಕ್ಕೆ ಹೊರಡುತ್ತಾರೆಯೇ ಎಂದು ಹಿಂದಿನಿಂದ ಅಮ್ಮನ ದನಿ. ಪಕ್ಷಮಾಸದ ಮಂಗಳವಾರವೇ ಗಟ್ಟಿಯಾಯಿತು.

ಅದಕ್ಕೂ ಮೊದಲು ನಾನೊಂದು ಅಡ್ಡದಾರಿ ನೋಡಿದ್ದೆ. ಅಣ್ಣನಿಗೆ ಫೋನು ಮಾಡಿ, “ನಾವು ಊರಿನವರಲ್ವಾ? ನಮ್ಮ ಗುಡ್ಡಕ್ಕೆ ನಮಗೇ ಚೀಟಿಯಾ? ನಿನಗೆ ಗಾರ್ಡು ಗುರುತಿಲ್ವಾ?” ಎಂದು ಕೇಳಿದೆ.

ಅಣ್ಣ ನಿಧಾನದ ಮನುಷ್ಯ. ಸ್ವಲ್ಪ ಹೊತ್ತು ಬಿಟ್ಟು, “ನಿನ್ನ ಆಧಾರ್‌ನಲ್ಲಿ ಯಾವ ಊರು ಉಂಟು?” ಅಂದ.

“ಬನಶಂಕರಿ.”

“ಹಾಗಾದ್ರೆ ಗಾರ್ಡಿಗೆ ನಾನು ಎಂತ ಹೇಳ್ಲಿ?”

ಫೋನು ಇಟ್ಟ ಮೇಲೂ ನನಗೆ ಆ ಮಾತು ಬಿಡಲಿಲ್ಲ. ಹುಟ್ಟಿದ್ದು, ಬೆಳೆದದ್ದು, ಮೈನೆರೆದದ್ದು ಯಾವುದೂ ಲೆಕ್ಕಕ್ಕಿಲ್ಲ. ಗುಡ್ಡದ ಗೇಟಿನಲ್ಲಿ ನಾನು ಬನಶಂಕರಿಯ ಪ್ರವಾಸಿ. ವರ್ಷಗಳಿಂದ ನಾನು ‘ಈ ಬೆಂಗಳೂರಿನವರು ಬಂದು ನಮ್ಮೂರು ಹಾಳಾಯಿತು’ ಎಂದು ಹೇಳುತ್ತಲೇ ಬಂದಿದ್ದೆ, ಬೆಂಗಳೂರಿನಲ್ಲಿ ಕೂತುಕೊಂಡು. ಜಂಗುಳಿ ಅಂದರೆ ಯಾವಾಗಲೂ ಉಳಿದವರು. ನಮ್ಮ ಕಾರು ಮಾತ್ರ ನಾಲ್ಕು ಚಕ್ರದ ಮೇಲಿನ ತವರಿನ ಪ್ರೀತಿ, ಹಿಂದೆ ಹಾರ್ನ್ ಹೊಡೆಯುವುದು ಟ್ರಾಫಿಕ್ಕು.

ಈ ಸಂಕಟವನ್ನು ಸ್ಯಾನ್ ಹೋಸೆಯಲ್ಲಿರುವ ಚಿಕ್ಕಪ್ಪನ ಮಗನಿಗೆ ಬರೆದೆ. ಅವನ ದುಃಖ ಇನ್ನೂ ಹಳೆಯದು. ಅವನ ಮನೆಯಿಂದ ಕಾರಿನಲ್ಲಿ ಅರ್ಧ ದಿನದ ದಾರಿಯಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಹಾಫ್ ಡೋಮ್ ಎಂಬ ದೊಡ್ಡ ಬಂಡೆ; ಕೊನೆಯ 400 ಅಡಿಯನ್ನು ಉಕ್ಕಿನ ಹಗ್ಗ ಹಿಡಿದುಕೊಂಡೇ ಏರಬೇಕು. ಒಂದು ಕಾಲಕ್ಕೆ ಆ ಹಗ್ಗದ ಮೇಲೆ ಹತ್ತುವವರು, ಇಳಿಯುವವರು ಒಬ್ಬರ ಕಾಲು ಒಬ್ಬರು ತುಳಿದುಕೊಂಡು ನಿಲ್ಲುತ್ತಿದ್ದರಂತೆ. 2010ರಿಂದ ವಾರಾಂತ್ಯಕ್ಕೆ, ಮರುವರ್ಷದಿಂದ ವಾರವಿಡೀ ಪರವಾನಗಿ ಬೇಕಾಯಿತು. ಮಾರ್ಚ್ ತಿಂಗಳಿಡೀ ಅರ್ಜಿ ಹಾಕಬಹುದು, ಏಪ್ರಿಲ್‌ನಲ್ಲಿ ಲಾಟರಿ ಎತ್ತುತ್ತಾರೆ. ಇವನು ಅರ್ಜಿ ಹಾಕುತ್ತಲೇ ಇದ್ದಾನೆ, ಲಾಟರಿ ಅವನ ಹೆಸರು ಎತ್ತಿಲ್ಲ. ದಿನಕ್ಕೆ ಎಷ್ಟು ಜನರನ್ನು ಬಿಡುತ್ತಾರೆ ಎಂದು ಕೇಳಿದೆ. “ಮುನ್ನೂರು ಅಕ್ಕ” ಅಂದ.

ಅಮೆರಿಕದ ಬಂಡೆಗೂ ಮುನ್ನೂರು, ಸಂಸೆಯ ಗುಡ್ಡಕ್ಕೂ ಮುನ್ನೂರು! ಸಾಗರದಾಚೆ ಒಬ್ಬ ತಮ್ಮ, ಈಚೆ ಒಬ್ಬ ಅಕ್ಕ, ಇಬ್ಬರೂ ಒಂದೇ ಸಂಖ್ಯೆಯ ಹೊರಗೆ ನಿಂತಿದ್ದೇವೆ ಅನ್ನಿಸಿ ಸ್ವಲ್ಪ ಸಮಾಧಾನವಾಯಿತು. ಅವನಿಗೆ ಲಾಟರಿಯಾದರೂ ಇದೆ, ದೇವರ ಮೇಲೆ ಹಾಕಬಹುದು. ನಮ್ಮಲ್ಲಿ ಬೆರಳಿನ ವೇಗದ ಪರೀಕ್ಷೆ.

ದಿನ ಹತ್ತಿರ ಬಂದಂತೆ ಹೆಬ್ಬೆರಳುಗಳು ಒಂದೊಂದಾಗಿ ಇಳಿದವು. ಒಬ್ಬನಿಗೆ ಮೀಟಿಂಗು. ಒಬ್ಬಳಿಗೆ ಮಗಳ ಪರೀಕ್ಷೆ. ದೊಡ್ಡಪ್ಪನ ಮಗನಿಗೆ ತನ್ನ ಮಂಡಿನೋವು ಆ ವಾರವೇ ನೆನಪಾಯಿತು. ‘ಚೀಟಿ ದುಡ್ಡೇನು ಮಹಾ, ಹೋಗಲಿ ಬಿಡಿ’ ಅಂದರು. ಹೊರಟಾಗ ಒಂದೇ ಕಾರಿನಲ್ಲಿ ಎಲ್ಲರೂ ಹಿಡಿದೆವು.

ಹಿಂದಿನ ರಾತ್ರಿ ತವರಿನಲ್ಲಿ ಮಲಗಿ, ನಸುಕಿಗೇ ಎದ್ದೆವು. ಅತ್ತಿಗೆ ಬಾಳೆಎಲೆ ಬಾಡಿಸಿ ಮೊಸರನ್ನ, ಮಾವಿನಮಿಡಿ ಕಟ್ಟಿಕೊಟ್ಟರು. ಪ್ಲಾಸ್ಟಿಕ್ ಒಳಗೆ ಬಿಡುವುದಿಲ್ಲವೆಂದು ಬೆಂಗಳೂರಿನಿಂದ ಬಂದ ಚಿಪ್ಸಿನ ಪೊಟ್ಟಣಗಳೆಲ್ಲ ಅಣ್ಣನ ಮಗನ ಪಾಲಾದವು. ಇಂಬಳಕ್ಕೆಂದು ಹಳೇ ಬಟ್ಟೆಯ ಚೂರಿನಲ್ಲಿ ಸುಣ್ಣ, ಹೊಗೆಸೊಪ್ಪು ಸೇರಿಸಿ ಗಂಟು ಕಟ್ಟಿದ್ದರು. ತಾರು ರಸ್ತೆಯಿಂದ, ಚಾರಣ ಶುರುವಾಗುವ ಮುಳ್ಳೋಡಿಯವರೆಗೆ ಜೀಪು. ಆ ದಾರಿಯಲ್ಲಿ ಜೀಪು ಹೋಗುತ್ತದೆ ಅನ್ನುವುದಕ್ಕಿಂತ ಕಲ್ಲಿನಿಂದ ಕಲ್ಲಿಗೆ ಹಾರುತ್ತದೆ ಅನ್ನಬೇಕು. ನಮ್ಮನೆಯವರ ತಲೆ ಮೇಲಿನ ಕಬ್ಬಿಣಕ್ಕೆ ಬಡಿದಾಗಲೆಲ್ಲ ಜೀಪಿನವನು ಹಿಂದೆ ತಿರುಗದೆ, “ಅದು ಎಲ್ಲರಿಗೂ ಬಡೀತದೆ ಸಾರ್” ಎಂದು ಧೈರ್ಯ ಹೇಳುತ್ತಿದ್ದ.

ಗೇಟಿನಲ್ಲಿ ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದರು. ನಮ್ಮ ಚೀಟಿಯಲ್ಲಿದ್ದ ಎಷ್ಟೋ ಹೆಸರಿಗೆ ಓಗೊಡುವವರಿರಲಿಲ್ಲ. ಪಕ್ಕದಲ್ಲೇ ಹಾಸನದ ಕಡೆಯ ನಾಲ್ಕು ಹುಡುಗರು, ಬುಕಿಂಗ್ ವಿಷಯ ಗೊತ್ತಿಲ್ಲದೆ ರಾತ್ರಿಯಿಡೀ ಬೈಕಿನಲ್ಲಿ ಬಂದವರು, ಜಾಕೆಟ್ಟಿನಿಂದ ನೀರು ಹಿಂಡುತ್ತಾ ನಿಂತಿದ್ದರು. “ಸಾರ್, ಇವರ ಕಡೆಯವರು ಬಂದಿಲ್ವಲ್ಲ, ಆ ಹೆಸರಲ್ಲಿ ನಮ್ಮನ್ನ ಬಿಡಿ” ಎಂದು ಕೇಳಿದರು. ಹಾಗೆಲ್ಲ ಬರುವುದಿಲ್ಲ ಎಂದು ಪಟ್ಟಿಯವರು ತಲೆಯಾಡಿಸಿದರು. ಹುಡುಗರು ಬೈಕು ತಿರುಗಿಸಿದರು. ಹೆಸರಿದ್ದವರು ಬರಲಿಲ್ಲ, ಬಂದವರಿಗೆ ಹೆಸರಿರಲಿಲ್ಲ.

ನಡೆಯುವಾಗ ಮಾತ್ರ ಲೆಕ್ಕವೆಲ್ಲ ಮರೆತುಹೋಯಿತು. ಒಂಟಿಮರ ದಾಟಿದ ಮೇಲೆ ಬಯಲುಗುಡ್ಡ, ಹುಲ್ಲು, ನಡುನಡುವೆ ಕಣಿವೆಗಳಲ್ಲಿ ಒತ್ತೊತ್ತಾಗಿ ಬೆಳೆದ ಶೋಲಾ ಕಾಡು. ಹುಲ್ಲಿನ ತುದಿಯಲ್ಲಿ ಇಂಬಳ ಬಾಲದ ಮೇಲೆ ಎದ್ದು ನಿಂತು, ಮೈಯನ್ನು ಆ ಕಡೆ ಈ ಕಡೆ ಬಾಗಿಸಿ ಬಿಸಿ ರಕ್ತದ ದಿಕ್ಕು ನೋಡುತ್ತಿತ್ತು. ಮಗಳು ಕೂತು ಅದನ್ನೇ ನೋಡಿದಳು. ಅವಳ ಬೂಟಿನ ಲೇಸಿನ ತೂತಿನಲ್ಲಿ ಇನ್ನೊಂದು ಆಗಲೇ ಒಳಗಿಳಿಯುತ್ತಿತ್ತು. ಸುಣ್ಣದ ಗಂಟು ತಾಗಿಸಿದೊಡನೆ ಸುರುಟಿಕೊಂಡು ಬಿತ್ತು. ಬನಶಂಕರಿಯ ರಕ್ತಕ್ಕೂ ಸಂಸೆಯ ರಕ್ತಕ್ಕೂ ಭೇದ ಮಾಡದ ಪ್ರಾಣಿ ಇದೊಂದೇ.

ಹಳ್ಳ ದಾಟುವಲ್ಲಿ ನಿಲ್ಲಬೇಕಾಯಿತು. ಮುಂದಿನ ಗುಂಪು ಒಬ್ಬೊಬ್ಬರೇ ಕಲ್ಲಿನ ಮೇಲೆ ಕಾಲಿಟ್ಟು, ಒಬ್ಬೊಬ್ಬರೇ ಫೋಟೊ ತೆಗೆಸಿಕೊಂಡು ದಾಟುತ್ತಿತ್ತು. ಮಂಗಳವಾರವೇ ಹೀಗೆ. ಇನ್ನು ಶನಿವಾರ ಮುನ್ನೂರು ಜನ ಈ ಒಂದು ಹಳ್ಳ ದಾಟುವುದನ್ನು ಮನಸ್ಸಿನಲ್ಲೇ ನೋಡಿದೆ. ಅದಕ್ಕೂ ಹಿಂದೆ, ಲೆಕ್ಕವೇ ಇಲ್ಲದ ದಿನಗಳಲ್ಲಿ ಈ ಹುಲ್ಲಿನ ಮೇಲೆ ಎಷ್ಟು ಬೂಟು ಬಿದ್ದಿರಬಹುದು! ದಾರಿ ಕೆಲವು ಕಡೆ ಮೊಣಕಾಲೆತ್ತರ ಕೊರೆದುಹೋಗಿ ಚರಂಡಿಯಾಗಿತ್ತು. ಜೊತೆಗೆ ಬಂದ ಊರಿನ ಹುಡುಗ, “ಒಂದು ಮಳೆಗಾಲ ಯಾರೂ ನಡೀದಿದ್ರೆ ಹುಲ್ಲು ಮುಚ್ಕೊಳ್ತದೆ ಅಕ್ಕ” ಅಂದ. ಆ ಒಂದು ಮಳೆಗಾಲ ಅದಕ್ಕೆ ಕೊಡುವವರಾರು?

ತುದಿ ಮುಟ್ಟಿದಾಗ ಮಂಜು. ಕೈ ಚಾಚಿದರೆ ಬೆರಳು ಕಾಣದಂಥ ಮಂಜು. ಪಡುವಣ ಯಾವ ಕಡೆ ಎಂದು ಹುಡುಗನನ್ನು ಕೇಳಿ, ಆ ಕಡೆ ತಿರುಗಿ ಕೂತೆ. ಪಕ್ಕದಲ್ಲಿ ಒಂದು ಕಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳಲು ಸಾಲು ಹತ್ತಿತ್ತು. ಹಿನ್ನೆಲೆಯಲ್ಲಿ ಏನೂ ಕಾಣುತ್ತಿರಲಿಲ್ಲ, ಆದರೂ ಎಲ್ಲರೂ ತಮ್ಮ ಸರದಿಗೆ ಕಾದರು. ನಮ್ಮನೆಯವರು ಫೋನಿನಲ್ಲಿ ನೋಡಿ, ಸಮುದ್ರ ಇರಬೇಕಾದದ್ದು ಇಂಥ ಕಡೆ ಎಂದು ಬೆರಳು ತೋರಿಸಿದರು. ಇಲ್ಲೇ ಎಲ್ಲೋ ಅಪ್ಪ ಗಂಗೆಯನ್ನು ಕಂಡಿರಬೇಕು. ಆ ದಿನದ ಪಟ್ಟಿಯಲ್ಲಿ ಅವರದೊಂದೇ ಹೆಸರು. ಹಸು, ಕರು ಸೇರಿಸಿದರೆ ಮೂವರು. ಬುಕಿಂಗ್ ಮಾಡಿರಲಿಲ್ಲ, ಬಂದು ಯಾರಿಗೂ ಫೋಟೊ ತೋರಿಸಲಿಲ್ಲ. ಆದರೆ ಅವರು ತಮಗೆ ಬೇಕಾದದ್ದು ಸಿಗದೆ ಇಳಿದು ಬಂದವರಲ್ಲ. ನಾವೆಲ್ಲ ಏನು ಕಳೆದುಕೊಂಡು ಹತ್ತುತ್ತೇವೆ ಅನ್ನುವುದೇ ನಮಗೆ ಗೊತ್ತಿರುವುದಿಲ್ಲ, ಇನ್ನು ಸಿಕ್ಕಿದ್ದು ತಿಳಿಯುವುದು ಹೇಗೆ?

ಸಂಜೆ ಅಂಗಳಕ್ಕೆ ಬಂದು ಕುಂಟುತ್ತಾ ಜಗಲಿ ಹತ್ತಿದಾಗ ಅಮ್ಮ ಕೇಳಿದಳು, “ಎಂತ ಕಂಡಿತು?”

“ಏನೂ ಇಲ್ಲ, ಬರೀ ಮಂಜು.”

“ಬೆಳಿಗ್ಗೆ ಟೊಪ್ಪಿ ಹಾಕಿತ್ತಲ್ಲ, ನಂಗೆ ಕೇಳ್ಬಹುದಿತ್ತು” ಅಂದಳು. ನಮ್ಮನೆಯವರ ಹಾಳೆಯಲ್ಲಿ ಆ ಒಂದು ಕಂಬ ಇರಲಿಲ್ಲ.

ಸಮುದ್ರ ನೋಡಲು ಮತ್ತೆ ಹೆಸರು ಹಚ್ಚಬೇಕೆಂದಿದ್ದೇನೆ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಅಂಗಳದಿಂದ ಗುಡ್ಡ ನೋಡಲು ಇನ್ನೂ ಚೀಟಿ ಬಂದಿಲ್ಲ. ಆದರೆ ಒಂದು ವಿಷಯದಲ್ಲಿ ನನ್ನ ಮನಸ್ಸು ಗಟ್ಟಿಯಾಗಿದೆ. ಊರಿನವರಿಗೆ ಬೇರೆ ಲೆಕ್ಕ, ಗುರುತಿದ್ದವರಿಗೆ ಬೇರೆ ಲೆಕ್ಕ ಎಂದು ಶುರುಮಾಡಿದರೆ ಈ ರಾಜ್ಯದಲ್ಲಿ ಗುರುತಿಲ್ಲದವರು ಯಾರಿದ್ದಾರೆ? ನಾನು ಸಂಸೆಯ ಮಗಳೆಂದು ಗುಡ್ಡದ ಹುಲ್ಲು ನನ್ನ ಬೂಟಿನ ಕೆಳಗೆ ಕಡಿಮೆ ಸವೆಯುವುದಿಲ್ಲ. ಪಟ್ಟಿ ಎಲ್ಲರಿಗೂ ಒಂದೇ ಇರುವುದರಿಂದಲೇ ಅದಕ್ಕೆ ಬೆಲೆ.

ನಿಮ್ಮಲ್ಲೂ ನನ್ನ ಮಾತು ಇಷ್ಟೇ. ಬರುವುದಾದರೆ ಬಿಡುವು ಮಾಡಿಕೊಂಡು ವಾರದ ನಡುವೆ ಬನ್ನಿ. ಹೋಗುವುದು ಖಾತ್ರಿ ಇಲ್ಲದಿದ್ದರೆ ಹೆಬ್ಬೆರಳು ಎತ್ತಬೇಡಿ. ನೀವು ಹೊದ್ದು ಮಲಗಿದ ಬೆಳಿಗ್ಗೆ ನಿಮ್ಮ ಹೆಸರಿನಿಂದಾಗಿ ಯಾರೋ ಗೇಟಿನಿಂದ ಬೈಕು ತಿರುಗಿಸಿರುತ್ತಾರೆ. ಮತ್ತೆ, ಈ ಮುನ್ನೂರನ್ನು ಆರುನೂರು ಮಾಡಿ ಎಂದು ಯಾರಾದರೂ ಮನವಿ ಹಿಡಿದುಕೊಂಡು ನಿಮ್ಮ ಮನೆಗೆ ಬಂದರೆ, ಕಾಫಿ ಕೊಟ್ಟು ಕಳಿಸಿ, ಸಹಿ ಮಾತ್ರ ಹಾಕಬೇಡಿ. ನಾನೂ ಹಾಕುವುದಿಲ್ಲ.